ಹೊಸ ಜಿಮ್ಮಾ, ಸೋರುವ ಸೂರಾ? ಕ್ವೇಕರ್ ಶಾಲೆಯ ಕಟ್ಟಡ ಸಮಿತಿಗೆ ಹೊಸದಾಗಿ ಸೇರಿದವರಿಗೆ

ಪ್ರಶ್ನೆ: ನಾವು ಫಿಲಡೆಲ್ಫಿಯಾ ಹತ್ತಿರದ ಒಂದು ಊರಿನಲ್ಲಿದ್ದೇವೆ. ಮಗಳು ಇಲ್ಲಿನ ಸಣ್ಣ ಕ್ವೇಕರ್ ಶಾಲೆಗೆ ಹೋಗುತ್ತಾಳೆ. ಕ್ವೇಕರ್ ಅಂದರೆ ಕ್ರೈಸ್ತರಲ್ಲೇ ಒಂದು ಪಂಥ. ಒಟ್ಟು 90 ಮಕ್ಕಳು. ಒಂದು ಹಳೇ ಕಲ್ಲು ಕಟ್ಟಡ, ಪಕ್ಕದಲ್ಲಿ 1960ರ ದಶಕದಲ್ಲಿ ಕಟ್ಟಿದ ತರಗತಿಗಳು, ಅದರಾಚೆ ಅವರ ಪ್ರಾರ್ಥನೆಯ ಮನೆ, ಮೀಟಿಂಗ್ ಹೌಸ್. ನಾನು ಐಟಿಯವನು, ಕಟ್ಟಡದ ಕೆಲಸ ಗೊತ್ತಿಲ್ಲ. ಆದರೂ ಈ ವರ್ಷ ಕಟ್ಟಡ ಸಮಿತಿಗೆ ಹಾಕಿದ್ದಾರೆ. ಐದು ವರ್ಷದ ಯೋಜನೆ ಬೇಕಂತೆ. ಕೆಲವು ಪೋಷಕರಿಗೆ ಜಿಮ್, ಅಂದರೆ ಮಕ್ಕಳು ಒಳಗೇ ಆಡುವ ಕಟ್ಟಡ ಬೇಕು. ಕಲ್ಲು ಕಟ್ಟಡದ ಸೂರು ಸೋರುತ್ತಿದೆ. ಸಭೆಯಲ್ಲಿ ವೋಟ್ ಹಾಕುವುದೇ ಇಲ್ಲ, ನಡುನಡುವೆ ಎಲ್ಲರೂ ಸುಮ್ನೆ ಕೂತುಬಿಡುತ್ತಾರೆ. ಹೀಗಾದರೆ ಕೆಲಸ ಆಗುವುದು ಯಾವಾಗ? ಎಲ್ಲಿಂದ ಶುರು ಮಾಡಲಿ?

ಉತ್ತರ: ಜೋರು ಮಳೆ ಬರುವ ದಿನ ನೋಡಿಕೊಂಡು ಶಾಲೆಗೆ ಹೋಗಿ. ಅಲ್ಲಿಂದ ಶುರು ಮಾಡಿ.

ತಮಾಷೆಗೆ ಹೇಳುತ್ತಿಲ್ಲ. ಈ ಭಾಗದ ಹಳೇ ಶಾಲೆಗಳನ್ನು ರಿಪೇರಿ ಮಾಡಿಸುವುದೇ ನನ್ನ ಹೊಟ್ಟೆಪಾಡು. ಬಿಸಿಲಲ್ಲಿ ನೋಡಿದ ಕಟ್ಟಡ ಸುಳ್ಳು ಹೇಳುತ್ತದೆ. ಮಳೆಯಲ್ಲಿ ನಿಜ ಬಾಯಿ ಬಿಡುತ್ತದೆ. ಹೋಗುವಾಗ ಪ್ರಿನ್ಸಿಪಾಲರನ್ನು ಕರೆಯಬೇಡಿ, ಕಟ್ಟಡ ನೋಡಿಕೊಳ್ಳುವ ಕಸ್ಟೋಡಿಯನ್ನನ್ನು ಕರೆಯಿರಿ. ಯಾವ ಮೂಲೆಗೆ ಬಕೆಟ್ ಇಡಬೇಕು ಅಂತ ಗೊತ್ತಿರುವುದು ಅವರಿಗೆ ಮಾತ್ರ. ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ. ಚಿಮಣಿ ಸೂರನ್ನು ಮುಟ್ಟುವ ಜಾಗ, ಎರಡು ಇಳಿಜಾರು ಸೇರುವ ಮೂಲೆ, ಈ ಎರಡನ್ನು ಮೊದಲು ನೋಡಿ. ಮರದ ಮೇಲೆ ಕಪ್ಪು ಕಲೆ ಇದ್ದರೆ ಕೈ ಇಟ್ಟು ನೋಡಿ. ಒಣಗಿದ್ದರೆ ಹಳೇ ಗಾಯ. ಒದ್ದೆ ಇದ್ದರೆ ಇವತ್ತಿನದು. ಆಮೇಲೆ ಕೆಳಗಿಳಿದು ಸೂರಿನಂಚಿನ ತಗಡಿನ ದೋಣಿಯ ನೀರು ಎಲ್ಲಿ ಬೀಳುತ್ತದೆ ನೋಡಿ. ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ನೆಲಮಾಳಿಗೆಯ ಬೂಷ್ಟಿಗೆ ಕಾರಣ ಹುಡುಕಬೇಕಾಗಿಲ್ಲ. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆಯಿರಿ. ನಿಮ್ಮ ಐದು ವರ್ಷದ ಯೋಜನೆಯ ಮೊದಲ ಪುಟ ಅದು.

ನಿಮ್ಮದು ಸ್ಲೇಟಿನ ಸೂರು ಇರಬಹುದು. ಈ ಕಡೆಯ ಹಳೇ ಕಲ್ಲು ಕಟ್ಟಡಗಳಲ್ಲಿ ಅದೇ ಜಾಸ್ತಿ. ಹಾಗಿದ್ದರೆ ಒಂದು ಮಾತು. ಪೆನ್ಸಿಲ್ವೇನಿಯಾದ ಗಣಿಯ ಒಳ್ಳೆ ಸ್ಲೇಟು ನೂರು ವರ್ಷ ಬಾಳುತ್ತದೆ. ಮೊದಲು ಹಾಳಾಗುವುದು ಕಲ್ಲಲ್ಲ. ಸಂದುಗಳಲ್ಲಿ ಕೂರಿಸಿದ ಲೋಹದ ಪಟ್ಟಿ, ಇಲ್ಲವೇ ಮೊಳೆ. ಸ್ಲೇಟು ಗೊತ್ತಿಲ್ಲದ ಕಂಟ್ರಾಕ್ಟರ್ ಬಂದರೆ ಎರಡರಲ್ಲಿ ಒಂದು ಆಗುತ್ತದೆ. ಸಂದಿಗೆಲ್ಲ ಟಾರು ಬಳಿದು ಹೋಗುತ್ತಾನೆ, ಅಥವಾ ‘ಇದೆಲ್ಲ ಕಿತ್ತು ಹಾಕಿ’ ಅಂತ ಕೊಟೇಶನ್ ಕೊಡುತ್ತಾನೆ. ಕಿತ್ತು ಹಾಕಿಸುವ ಆಸ್ಫಾಲ್ಟ್ ಹಾಸು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮತ್ತೆ ಖರ್ಚಿಗೆ ಬರುತ್ತದೆ. ಸ್ಲೇಟಿನ ಕೆಲಸವನ್ನೇ ಮಾಡುವವರನ್ನು ಹುಡುಕಿ. ಸ್ಲೇಟಿನ ಮೇಲೆ ಬೂಟು ಹಾಕಿಕೊಂಡು ಓಡಾಡುವವನನ್ನು ಅಲ್ಲಿಂದಲೇ ಕೆಳಗಿಳಿಸಿ.

ಕಲ್ಲು ಗೋಡೆಗೂ ಇದೇ ಮಾತು. ಹಳೇ ಗೋಡೆಯ ಸಂದಿನಲ್ಲಿರುವುದು ಸುಣ್ಣದ ಗಾರೆ. ಊರಲ್ಲಿ ಅಜ್ಜನ ಕಾಲದ ಮನೆಗೆ ಇದ್ದದ್ದೂ ಅದೇ ಅಲ್ವಾ? ಗೋಡೆ ಕುಡಿದ ನೀರನ್ನು ಅದು ಮೆಲ್ಲಗೆ ಹೊರಗೆ ಬಿಡುತ್ತದೆ. ಅದನ್ನು ಕೆರೆದು ಗಟ್ಟಿ ಸಿಮೆಂಟ್ ತುಂಬಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಇಲ್ಲಿನ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲಿನ ಮುಖ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಕಾಸು ಉಳಿಸಲು ಹೋಗಿ ಗೋಡೆಯನ್ನೇ ತಿನ್ನಿಸಿದ ಹಾಗೆ.

ಇನ್ನು ನಿಮ್ಮ ನಿಜವಾದ ತಲೆನೋವಿಗೆ ಬರೋಣ. ವೋಟ್ ಹಾಕದ ಸಭೆ.

ಕ್ವೇಕರರು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಸುತ್ತ ಸೇರಿದವರು. ಪಾದ್ರಿ ಬೇಡ, ಎಲ್ಲರೊಳಗೂ ಬೆಳಕಿದೆ, ಸುಮ್ಮನೆ ಕೂತು ಕೇಳಿಸಿಕೊಂಡರೆ ಸಾಕು ಅಂದವರು. ಅವರಲ್ಲೊಬ್ಬ ವಿಲಿಯಂ ಪೆನ್. 1681ರಲ್ಲಿ ರಾಜನಿಂದ ಸನ್ನದು ಪಡೆದ. ನೀವಿರುವ ಪೆನ್ಸಿಲ್ವೇನಿಯಾ ಹುಟ್ಟಿದ್ದು ಹಾಗೆ. ಶಾಲೆ ಕಟ್ಟುವುದು ಅವರಿಗೆ ಮೊದಲಿಂದಲೂ ಚಟ. ಫಿಲಡೆಲ್ಫಿಯಾದ ಪೆನ್ ಚಾರ್ಟರ್ ಶುರುವಾದದ್ದು 1689ರಲ್ಲಿ, ಅಬಿಂಗ್ಟನ್ ಫ್ರೆಂಡ್ಸ್ (ಕ್ವೇಕರರು ತಮ್ಮನ್ನು ಕರೆದುಕೊಳ್ಳುವುದು ಫ್ರೆಂಡ್ಸ್ ಅಂತ) 1697ರಲ್ಲಿ, ವೆಸ್ಟ್‌ಟೌನ್ 1799ರಲ್ಲಿ. ಮೊದಲೆರಡು ಈ ದೇಶಕ್ಕಿಂತ ಹಳೆಯವು. ಅವರ ಪಾಲಿಗೆ ಐದು ವರ್ಷ ಅಂದರೆ ಒಂದು ತೂಕಡಿಕೆ ಅಷ್ಟೇ!

ಅವರ ಸಭೆಯಲ್ಲಿ ಗೆಲ್ಲುವವರು ಸೋಲುವವರು ಅಂತ ಇಲ್ಲ. ಕ್ಲರ್ಕ್ ಅಂತ ಒಬ್ಬರಿರುತ್ತಾರೆ. ನಮ್ಮ ಆಫೀಸಿನ ಗುಮಾಸ್ತ ಅಲ್ಲ, ಸಭೆ ನಡೆಸುವವರು. ಎಲ್ಲರ ಮಾತು ಕೇಳಿ, ಸಭೆಯ ಒಟ್ಟು ಮನಸ್ಸು ಎತ್ತ ವಾಲುತ್ತಿದೆ ಅಂತ ಗ್ರಹಿಸಿ, ಒಂದೆರಡು ಸಾಲಿನ ನಡಾವಳಿಯಾಗಿ ಅಲ್ಲೇ ಓದುತ್ತಾರೆ. ಎಲ್ಲರೂ ಹೌದು ಅಂದರೆ ತೀರ್ಮಾನ. ನನಗೆ ಒಪ್ಪಿಗೆ ಇಲ್ಲ, ಆದರೆ ತಡೆಯುವುದೂ ಇಲ್ಲ ಅನ್ನುವವರು ‘ಪಕ್ಕಕ್ಕೆ ನಿಲ್ಲುತ್ತೇನೆ’ ಅನ್ನುತ್ತಾರೆ. ದೊಡ್ಡ ವಿಷಯ ಬಂದರೆ ತೀರ್ಮಾನವೇ ಮಾಡದೆ ಸುಮ್ಮನೆ ಮಾತಾಡಲು ಒಂದು ಸಭೆ ಕರೆಯುತ್ತಾರೆ. ಅದಕ್ಕೆ ಅವರು ಇಟ್ಟಿರುವ ಹೆಸರು ಒಕ್ಕಣೆ. ನಿಜಕ್ಕೂ ಕಣದ ಒಕ್ಕಣೆಯೇ. ರಾಗಿ ತೆನೆ ಬಡಿದು ತೂರಿ, ಜೊಳ್ಳು ಬೇರೆ ಕಾಳು ಬೇರೆ ಮಾಡುವ ಹಾಗೆ. ಆ ದಿನ ಯಾರೂ ಏನನ್ನೂ ಒಪ್ಪಬೇಕಾಗಿಲ್ಲ. ಅದಕ್ಕೇ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಇದೆಲ್ಲ ಟೈಮ್ ವೇಸ್ಟ್ ಅಂತ ಮೊದಮೊದಲು ನನಗೂ ಅನ್ನಿಸಿತ್ತು. ಒಮ್ಮೆ ದುಡ್ಡು ಕಟ್ಟಿ ಕಲಿತೆ.

ನಿಮ್ಮದರಂಥದ್ದೇ ಇನ್ನೊಂದು ಸಣ್ಣ ಶಾಲೆ. ಬೇಸಿಗೆ ರಜೆಯಲ್ಲಿ ಗಾಳಿಯ ವ್ಯವಸ್ಥೆ ಬದಲಿಸಬೇಕಿತ್ತು. ರಜೆ ಹತ್ತಿರ ಬರುತ್ತಿತ್ತು. ‘ಒಕ್ಕಣೆ ಸಭೆ ಬೇಡ, ಇದು ಬರೀ ಟೆಕ್ನಿಕಲ್ ವಿಷಯ’ ಅಂತ ನಾನೇ ಒತ್ತಾಯ ಮಾಡಿದೆ. ಒಪ್ಪಿದರು. ಯಂತ್ರವನ್ನು ದೊಡ್ಡ ಕೋಣೆಯ ಮೇಲೆ ಕೂರಿಸಿದೆ. ಪೈಪು ಹತ್ತಿರ, ಖರ್ಚು ಕಮ್ಮಿ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಯಿತು, ವಾರದ ಮೌನಸಭೆಗೆ ನನ್ನನ್ನೂ ಕರೆದರು. ಅದೇ ಕೋಣೆ. ಪುಟ್ಟ ಪುಟ್ಟ ಮಕ್ಕಳು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಹೊರಗೆ ಹಕ್ಕಿ ಕೂಗಿದ್ದು ಕೇಳುತ್ತಿದೆ. ನಾಲ್ಕನೇ ನಿಮಿಷಕ್ಕೆ ತಲೆ ಮೇಲೆ ‘ಟಕ್’ ಅಂತು. ಹಿಂದೆಯೇ ಗುಂಯ್ ಅಂತ ಸದ್ದು, ನಿಲ್ಲಲೇ ಇಲ್ಲ. ಒಂದನೇ ಕ್ಲಾಸಿನ ಹುಡುಗನೊಬ್ಬ ತಲೆ ಎತ್ತಿ ಮೇಲೆ ನೋಡಿದ. ಎದುರು ಬೆಂಚಿನ ಅಜ್ಜಿಯೊಬ್ಬರು ಕಣ್ಣು ಬಿಟ್ಟು, ಮೇಲೆ ನೋಡಲಿಲ್ಲ, ನನ್ನನ್ನು ನೋಡಿದರು.

ಮುಂದಿನ ವರ್ಷ ಆ ಯಂತ್ರ ಜಾಗ ಬದಲಿಸಿತು. ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಒಕ್ಕಣೆಗೆ ಕೂತಿದ್ದರೆ ಆ ಅಜ್ಜಿ ಐದು ನಿಮಿಷದಲ್ಲಿ ಅದನ್ನು ಹೇಳಿರುತ್ತಿದ್ದರು. ಅಮೆರಿಕದ ತರಗತಿ ಮಾನದಂಡದಲ್ಲಿ ಖಾಲಿ ಕೋಣೆಯ ಸದ್ದು 35 ಡೆಸಿಬಲ್ ಮೀರಬಾರದು. ಮೌನಸಭೆಯ ಕೋಣೆಗೆ ನಾನು ಈಗ ಅದಕ್ಕಿಂತ ಕಮ್ಮಿ ಇರಲೇಬೇಕು ಅಂತ ಬರೆದು ಕೊಡುತ್ತೇನೆ. ನೀವೂ ಕೇಳಿ. ಮಾಮೂಲಿ ಶಾಲೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್‌ಗೆ ಇದು ತಾನಾಗಿ ಹೊಳೆಯುವುದಿಲ್ಲ.

ಹಾಗಾಗಿ ಮೌನ ನಿಮ್ಮ ಯೋಜನೆಗೆ ಅಡ್ಡಿ ಅಂತ ತಿಳಿಯಬೇಡಿ. ಕಾಗದದ ಮೇಲೆ ಮನಸ್ಸು ಬದಲಿಸಲು ಕಾಸು ಬೇಡ. ಕಂಟ್ರಾಕ್ಟರ್ ಬಂದು ಅಗೆದ ಮೇಲೆ ಬದಲಿಸಿದರೆ ಒಂದೊಂದಕ್ಕೂ ಬಿಲ್ ಬರುತ್ತದೆ. ವೋಟಿನಲ್ಲಿ ಸೋತವರು ಹಣ ಕೇಳಲು ಹೋದಾಗ ಕೈ ಬಿಗಿ ಹಿಡಿಯುತ್ತಾರೆ. ಒಟ್ಟು ಮನಸ್ಸಿನಿಂದ ಆದ ತೀರ್ಮಾನ ಹಿಂದೆ ಬೀಳುವುದು ಅಪರೂಪ.

ಈಗ ಕಾಗದಪತ್ರ. ಮೊದಲ ಪ್ರಶ್ನೆ, ಜಾಗ ಯಾರದು? ಕ್ವೇಕರರ ಭಾಷೆಯಲ್ಲಿ ಮೀಟಿಂಗ್ ಅಂದರೆ ಸಭೆಯೂ ಹೌದು, ಆ ಊರಿನ ಕ್ವೇಕರರ ಕೂಟವೂ ಹೌದು. ಎಷ್ಟೋ ಸಣ್ಣ ಶಾಲೆಗಳು ಇಂಥ ಕೂಟದ ಆರೈಕೆಯಲ್ಲಿವೆ, ನೆಲವೂ ಕೂಟದ್ದೇ. ಹಾಗಿದ್ದರೆ ಶಾಲೆಯ ಟ್ರಸ್ಟಿಗಳು ಒಪ್ಪಿದರೆ ಸಾಲದು, ಕೂಟವೂ ಒಪ್ಪಬೇಕು. ಅವರ ವ್ಯವಹಾರದ ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಈ ಲೆಕ್ಕ ಬಿಟ್ಟುಹೋಗಿ ಇಡೀ ಬೇಸಿಗೆ ಕೈತಪ್ಪಿದ ಶಾಲೆಗಳನ್ನು ನೋಡಿದ್ದೇನೆ.

ಎರಡನೆಯದು, ಸ್ಮಶಾನ. ಮೀಟಿಂಗ್ ಹೌಸ್ ಪಕ್ಕ ಹಳೇ ಸ್ಮಶಾನ ಇದ್ದರೆ ಅದರ ಗಡಿ ಬೇಲಿಗೇ ಮುಗಿಯುತ್ತದೆ ಅಂತ ನಂಬಬೇಡಿ. ಮೊದಲಿನ ಕ್ವೇಕರರಿಗೆ ಸಮಾಧಿ ಕಲ್ಲು ಕೂಡ ಆಡಂಬರ. ಹೆಸರಿಲ್ಲದೆ, ಕಲ್ಲಿಲ್ಲದೆ ಹೂತವರು ಎಷ್ಟೋ ಜನ. ಚರಂಡಿಗೋ, ನೆಲದೊಳಗಿನ ಶಾಖದಿಂದ ಕಟ್ಟಡ ಬೆಚ್ಚಗಿಡುವ ಭೂಶಾಖದ ಕೊಳವೆಗೋ ನೆಲ ಅಗೆಯುವ ಮೊದಲು ಕೂಟದ ಹಳೇ ದಾಖಲೆ ತೆಗೆಸಿ ನೋಡಿ. ಅನುಮಾನ ಇದ್ದರೆ ನೆಲದೊಳಗೆ ನೋಡುವ ರೇಡಾರ್ ಹಾಯಿಸಿ.

ಮೂರನೆಯದು, ಆಸ್ಬೆಸ್ಟಾಸ್ ಫೈಲು. 1986ರ ಕೇಂದ್ರ ಕಾನೂನಿನ ಪ್ರಕಾರ ಲಾಭಕ್ಕಲ್ಲದ ಖಾಸಗಿ ಶಾಲೆಗಳಲ್ಲೂ ಇದರ ದಾಖಲೆ ಇರಬೇಕು, ಆಸ್ಬೆಸ್ಟಾಸ್ ಇದ್ದರೆ ಆರು ತಿಂಗಳಿಗೊಮ್ಮೆ ಕಣ್ಣು ಹಾಯಿಸಬೇಕು, ಮೂರು ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ ಮಾಡಿಸಬೇಕು. 1960ರ ದಶಕದ ಕಟ್ಟಡ ಅಂದಿರಿ. ಬಾಯ್ಲರ್ ಪೈಪಿನ ಸುತ್ತಿನ ಹೊದಿಕೆ, ಒಂಬತ್ತು ಇಂಚಿನ ನೆಲದ ಟೈಲು, ಅದರಡಿಯ ಕಪ್ಪು ಅಂಟು, ಇವೇ ಅನುಮಾನದ ಜಾಗಗಳು. ಪೋಷಕರು ಭಾನುವಾರ ಶ್ರಮದಾನ ಅಂತ ಬಂದು ಹಳೇ ಟೈಲು ಕೀಳಲು ಹೊರಟರೆ ದಯವಿಟ್ಟು ತಡೆಯಿರಿ, ಆಸ್ಬೆಸ್ಟಾಸ್ ಪುಡಿ ಉಸಿರಿಗೆ ಹೋದರೆ ಅಪಾಯ. 1978ಕ್ಕಿಂತ ಹಳೇ ಬಣ್ಣ ಕೆರೆಯುವುದೂ ಹಾಗೆಯೇ. ಅದರಲ್ಲಿ ಸೀಸ ಇರಬಹುದು.

ಇಷ್ಟಾದ ಮೇಲೆ ಆರ್ಕಿಟೆಕ್ಟ್ ಅಲ್ಲ, ಮೊದಲು ಕಟ್ಟಡದ ಆರೋಗ್ಯ ಪರೀಕ್ಷೆ ಮಾಡುವ ಎಂಜಿನಿಯರ್‌ನನ್ನು ಕರೆಸಿ. ಅದನ್ನು ಆರ್ಕಿಟೆಕ್ಟ್ ಆದ ನಾನೇ ಹೇಳುತ್ತಿದ್ದೇನೆ. ನಾವು ಬಂದರೆ ಚಂದದ ಚಿತ್ರ ಬರೆಯುತ್ತೇವೆ. ಚಿತ್ರ ನೋಡಿದ ಮೇಲೆ ಸೂರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಂಜಿನಿಯರ್ ಒಂದು ಪಟ್ಟಿ ಕೊಡುತ್ತಾರೆ: ಏನು ಕೆಟ್ಟಿದೆ, ಎಷ್ಟು ವರ್ಷ ತಡೆಯುತ್ತದೆ, ಎಷ್ಟು ಬೇಕು.

ಆ ಪಟ್ಟಿ ಓದಲು ಒಂದು ಸಣ್ಣ ಲೆಕ್ಕ. ನಿಮ್ಮ ಎಲ್ಲ ಕಟ್ಟಡ ಸೇರಿ 20,000 ಚದರಡಿ ಅಂತಿಟ್ಟುಕೊಳ್ಳಿ. ಹೊಸದಾಗಿ ಕಟ್ಟಲು ಚದರಡಿಗೆ 400 ಡಾಲರ್ ಅಂದರೆ 80 ಲಕ್ಷ ಡಾಲರ್. ಬಾಕಿ ಬಿದ್ದ ರಿಪೇರಿ 12 ಲಕ್ಷ ಬಂತು ಅನ್ನಿ. 12ನ್ನು 80ರಿಂದ ಭಾಗಿಸಿದರೆ ಶೇಕಡ 15. ಶೇಕಡ 5ರ ಒಳಗಿದ್ದರೆ ಚೆನ್ನಾಗಿದೆ, 10 ದಾಟಿದರೆ ಕಟ್ಟಡ ಕೆಟ್ಟಿದೆ ಅನ್ನುವುದು ಈ ಕ್ಷೇತ್ರದ ರೂಢಿ. ಇನ್ನೊಂದು ರೂಢಿಯೂ ಇದೆ. ಕಟ್ಟಡ ಇದ್ದ ಹಾಗೇ ಇರಲು ವರ್ಷಕ್ಕೆ ಅದರ ಬೆಲೆಯ ಶೇಕಡ 2ರಿಂದ 4 ಖರ್ಚು ಮಾಡಬೇಕು. 80 ಲಕ್ಷಕ್ಕೆ ಶೇಕಡ 2 ಅಂದರೆ 1.6 ಲಕ್ಷ. 90 ಮಕ್ಕಳಿಗೆ ಹಂಚಿದರೆ ತಲೆಗೆ ಸುಮಾರು 1,780 ಡಾಲರ್, ವರ್ಷಕ್ಕೆ. ನಿಮ್ಮ ಶಾಲೆಯ ಬಜೆಟ್ ತೆಗೆದು ಕಟ್ಟಡ ನೋಡಿಕೊಳ್ಳಲು ಎಷ್ಟಿಟ್ಟಿದ್ದಾರೆ ನೋಡಿ. ಹೆಚ್ಚಿನ ಸಣ್ಣ ಶಾಲೆಗಳಲ್ಲಿ ಇದರ ಅರ್ಧವೂ ಇರುವುದಿಲ್ಲ. ಮೇಷ್ಟ್ರುಗಳ ಸಂಬಳ ಕೊಟ್ಟು, ಬಡ ಮಕ್ಕಳ ಫೀಸು ಬಿಟ್ಟು, ಉಳಿದದ್ದರಲ್ಲಿ ಸೂರು. ಮನಸ್ಸು ಒಳ್ಳೆಯದೇ, ಆದರೆ ಮಳೆಗೆ ಅದು ಗೊತ್ತಾಗುವುದಿಲ್ಲ.

ಜಿಮ್ಮಿನ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. 50 ಲಕ್ಷದ ಜಿಮ್ ಯಾರಾದರೂ ಪುಕ್ಕಟೆ ಕಟ್ಟಿಸಿಕೊಟ್ಟರೂ, ಮರುದಿನದಿಂದ ವರ್ಷಕ್ಕೆ 1ರಿಂದ 2 ಲಕ್ಷ ಖರ್ಚು ಹೆಗಲಿಗೇರುತ್ತದೆ. ಬೇಡ ಅನ್ನುತ್ತಿಲ್ಲ. ಮಕ್ಕಳು ಚಳಿಗಾಲದಲ್ಲಿ ಎಲ್ಲಿ ಓಡಾಡಬೇಕು ಅನ್ನುವುದು ನಿಜವಾದ ಪ್ರಶ್ನೆ. ಆದರೆ ದಾನಿಯ ಹತ್ತಿರ ಜಿಮ್ಮಿನ ಜೊತೆಗೇ ಅದನ್ನು ನೋಡಿಕೊಳ್ಳುವ ನಿಧಿಯನ್ನೂ ಕೇಳಿ. ಕೊಡದಿದ್ದರೆ, ಊರಿನ ಬೇರೆ ಜಿಮ್ ಬಾಡಿಗೆಗೆ ಸಿಗುತ್ತದಾ ಅಂತ ವಿಚಾರಿಸಿ. ಇನ್ನೊಂದು, ಹೊಸ ಚಾವಣಿ ಮತ್ತು ಪಾರ್ಕಿಂಗ್ ಬಂದರೆ ಮಳೆನೀರು ಇಂಗುವ ನೆಲ ಕಮ್ಮಿಯಾಗುತ್ತದೆ. ಅದಕ್ಕೆ ಟೌನ್‌ಶಿಪ್ (ಇಲ್ಲಿನ ಸ್ಥಳೀಯ ಆಡಳಿತ) ಮಿತಿ ಹಾಕಿರುತ್ತದೆ. ಎಷ್ಟು ಉಳಿದಿದೆ ಅಂತ ಮೊದಲೇ ಕೇಳಿಕೊಳ್ಳಿ. ಅದೇ ಇಲ್ಲ ಅಂದರೆ ಮುಂದಿನ ಚರ್ಚೆಯೇ ಇಲ್ಲ.

ಯಾರಾದರೂ ವಾಷಿಂಗ್ಟನ್‌ನ ಸಿಡ್‌ವೆಲ್ ಫ್ರೆಂಡ್ಸ್ ಶಾಲೆಯ ಮಾತೆತ್ತಬಹುದು. 2006ರ ಅವರ ಮಿಡ್ಲ್ ಸ್ಕೂಲ್ ಕಟ್ಟಡ ಹಸಿರು ಕಟ್ಟಡಕ್ಕೆ ಕೊಡುವ ಲೀಡ್ ಪ್ಲಾಟಿನಂ ದರ್ಜೆ ಪಡೆದದ್ದು. ಅಂಗಳದಲ್ಲಿ ಜೌಗು ನೆಲ ಮಾಡಿ, ಕಟ್ಟಡದ ಕೊಳಕು ನೀರನ್ನು ಅಲ್ಲಿ ಶುದ್ಧ ಮಾಡಿ ಮತ್ತೆ ಟಾಯ್ಲೆಟ್ಟಿಗೆ ಬಳಸುತ್ತಾರೆ. ನೋಡಲೇಬೇಕಾದ ಕಟ್ಟಡ. ಆದರೆ ಅದು ದೊಡ್ಡ ಶಾಲೆ, ದೊಡ್ಡ ಜೇಬು. ನಿಮಗೆ ಆ ವ್ಯವಸ್ಥೆ ಬೇಡ, ಆ ವಿಚಾರ ಸಾಕು. ಸೂರಿನ ನೀರನ್ನು ಗೋಡೆಯಿಂದ ದೂರ ಒಯ್ದು ಅಂಗಳದ ಒಂದು ತಗ್ಗಿನಲ್ಲಿ ಇಂಗಿಸಿ, ಗಿಡ ಹಾಕಿ. ಮೂರನೇ ಕ್ಲಾಸಿನವರಿಗೆ ಮಳೆ ಅಳೆಯಲು ಕೊಡಿ. ನೆಲಮಾಳಿಗೆಯೂ ಒಣಗುತ್ತದೆ.

ಮೆಟ್ಟಿಲ ವಿಷಯ ಹೇಳದೆ ಇರಲಾರೆ. ಕಲ್ಲು ಕಟ್ಟಡದ ಮುಂದೆ ಏಳೇಳು ಇಂಚಿನ ಮೂರು ಮೆಟ್ಟಿಲು ಇದ್ದರೆ ಎತ್ತರ 21 ಇಂಚು. ಗಾಲಿಕುರ್ಚಿಯ ಇಳಿಜಾರು ಒಂದಿಂಚಿಗೆ ಹನ್ನೆರಡು ಇಂಚು, ಅಂದರೆ 21 ಅಡಿ ಉದ್ದ. ಮುಂದೆ ಅಷ್ಟು ಉದ್ದ ಹಾಕಿದರೆ ಚಂದ ಕೆಡುತ್ತದೆ, ಹಿಂದೆ ಹಾಕೋಣ ಅನ್ನುವವರು ಇದ್ದೇ ಇರುತ್ತಾರೆ. 1990ರ ಅಂಗವಿಕಲರ ಹಕ್ಕಿನ ಕಾನೂನಿನಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಗೆ ವಿನಾಯಿತಿ ಇದೆ. ನಿಮಗೆ ಅದು ಹೊಂದುತ್ತದೋ ಇಲ್ಲವೋ ವಕೀಲರನ್ನು ಕೇಳಿ. ಆದರೆ ಎಲ್ಲರೂ ಸಮಾನ ಅನ್ನುವ ಶಾಲೆಯಲ್ಲಿ ಕೆಲವರಿಗೆ ಮಾತ್ರ ಹಿಂಬಾಗಿಲು ಅಂದರೆ ಏನರ್ಥ ಅಂತ ನಮ್ಮ ಊರುಗಳಿಂದ ಬಂದವರಿಗೆ ವಿವರಿಸಿ ಹೇಳಬೇಕಾ? ಮುಂಬಾಗಿಲ ಕಡೆಯ ನೆಲವನ್ನೇ ಮೆಲ್ಲಗೆ ಏರಿಸಿ, ಎಲ್ಲರೂ ಒಂದೇ ದಾರಿಯಲ್ಲಿ ಬರುವ ಹಾಗೆ ಮಾಡಲು ಎಷ್ಟೋ ಕಡೆ ಸಾಧ್ಯ. ಗಟ್ಟಿಯಾಗಿ ಕೇಳಿ.

ಹಣದ ಬಗ್ಗೆ ಚಿಕ್ಕದಾಗಿ. ಕಂಟ್ರಾಕ್ಟರ್ ಹೇಳಿದ ಮೊತ್ತ ಪೂರ್ತಿ ಖರ್ಚಲ್ಲ. ನಕ್ಷೆ, ಪರ್ಮಿಟ್, ಪರೀಕ್ಷೆ, ವಿಮೆ ಸೇರಿ ಇನ್ನೊಂದು ಕಾಲುಭಾಗ ಮೇಲೆ ಬರುತ್ತದೆ. ಹಳೇ ಗೋಡೆ ಒಡೆದಾಗ ಏನು ಸಿಗುತ್ತದೋ ಅಂತ ಶೇಕಡ 15ರಿಂದ 20 ಬೇರೆ ಎತ್ತಿಡಿ. ಸೋಲಾರ್ ಮತ್ತು ಭೂಶಾಖಕ್ಕೆ 2022ರ ಕಾನೂನಿನಿಂದ ತೆರಿಗೆ ಕಟ್ಟದ ಶಾಲೆಗೂ ಖರ್ಚಿನ ಒಂದು ಪಾಲು ಸರ್ಕಾರದಿಂದ ನೇರ ವಾಪಸ್ ಸಿಗುವ ದಾರಿ ಆಯಿತು. 2025ರಲ್ಲಿ ಅದನ್ನು ಬದಲಿಸಿ ಸೋಲಾರಿನ ಗಡುವು ಬಿಗಿ ಮಾಡಿದ್ದಾರೆ. ಲೆಕ್ಕಪರಿಶೋಧಕರನ್ನು ಈ ವಾರವೇ ಕೇಳಿ, ಮುಂದಿನ ವರ್ಷ ಅಲ್ಲ. ಆಮೇಲೆ, ನಮ್ಮ ಕನ್ನಡ ಸಂಘದ ಅಭ್ಯಾಸದಲ್ಲಿ ‘ಒಂದು ರಾಫೆಲ್ ಇಡೋಣ, ಲಕ್ಕಿ ಡಿಪ್ ಮಾಡೋಣ’ ಅಂದುಬಿಟ್ಟೀರಿ! ಜೂಜನ್ನು ಕ್ವೇಕರರು ಮೊದಲಿಂದಲೂ ಒಪ್ಪುವುದಿಲ್ಲ. ಲಾಟರಿ ಚೀಟಿಯೂ ಅದರಲ್ಲೇ ಸೇರಿತು. ಪೆನ್ಸಿಲ್ವೇನಿಯಾದಲ್ಲಿ ಕ್ಯಾಸಿನೋ ತೆರಿಗೆಯಿಂದ ಬರುವ ಅನುದಾನಗಳೂ ಇವೆ. ಅರ್ಜಿ ಹಾಕುವ ಮೊದಲು ಕ್ಲರ್ಕನ್ನು ಕೇಳಿ. ದಾನಿಯ ಹೆಸರನ್ನು ಗೋಡೆಗೆ ದೊಡ್ಡದಾಗಿ ಬರೆಸುವುದಕ್ಕೂ ಕೆಲವರು ಮುಖ ಸಿಂಡರಿಸುತ್ತಾರೆ. ಫಿಲಡೆಲ್ಫಿಯಾದಲ್ಲೇ ಫ್ರೆಂಡ್ಸ್ ಕೌನ್ಸಿಲ್ ಆನ್ ಎಜುಕೇಶನ್ ಇದೆ, 1931ರಿಂದ. ಇಂಥ ಶಾಲೆಗಳನ್ನು ಒಂದಕ್ಕೊಂದು ಜೋಡಿಸುವುದೇ ಅವರ ಕೆಲಸ. ಅವರ ಮೂಲಕ ನಿಮ್ಮ ಗಾತ್ರದ ಇನ್ನೊಂದು ಶಾಲೆಯ ಕಟ್ಟಡ ಸಮಿತಿಯನ್ನು ಪತ್ತೆ ಮಾಡಿ, ಒಂದು ಶನಿವಾರ ಹೋಗಿ ಬನ್ನಿ.

ಐದು ವರ್ಷವನ್ನು ಹೇಗೆ ಹಂಚಲಿ ಅಂದರೆ, ನಾನಾಗಿದ್ದರೆ ಮೊದಲ ವರ್ಷ ಪರೀಕ್ಷೆ, ಒಕ್ಕಣೆ, ಜೊತೆಗೆ ಸೂರಿನ ತುರ್ತು ರಿಪೇರಿ. ಎರಡನೇ ಬೇಸಿಗೆ ಸೂರು ಮತ್ತು ನೀರಿನ ದಾರಿ ಪೂರ್ತಿ. ಮೂರನೆಯದರಲ್ಲಿ ಬಾಯ್ಲರ್, ಗಾಳಿ, ಮುಂಬಾಗಿಲು. ಜಿಮ್ಮಿನ ಮಾತು ನಾಲ್ಕರಲ್ಲಿ, ಅಷ್ಟರಲ್ಲಿ ದುಡ್ಡಿನ ಗತಿ ಗೊತ್ತಾಗಿರುತ್ತದೆ. ಕೆಲಸಕ್ಕೆ ಸಿಗುವುದು ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ ಹತ್ತು ವಾರ ಮಾತ್ರ. ಟೆಂಡರ್ ಜನವರಿ ಫೆಬ್ರವರಿಯಲ್ಲೇ ಹೋಗಬೇಕು. ಏಪ್ರಿಲ್‌ನಲ್ಲಿ ಕರೆದರೆ ಒಳ್ಳೆ ಕೆಲಸಗಾರರೆಲ್ಲ ಬುಕ್ ಆಗಿರುತ್ತಾರೆ.

ಕೊನೆಯದಾಗಿ, ನಾನು ಕ್ವೇಕರ್ ಅಲ್ಲ, ಮಾತಾಡಬಹುದಾ ಅಂತ ನಿಮಗೆ ಅನುಮಾನ ಇರಬಹುದು. ಇಂಥ ಶಾಲೆಗಳ ಮಕ್ಕಳಲ್ಲೇ ಹೆಚ್ಚಿನವರು ಕ್ವೇಕರರಲ್ಲ, ಸಮಿತಿಯಲ್ಲೂ ಅರ್ಧ ಜನ ಅಲ್ಲದೆ ಇರಬಹುದು. ಮಾತಾಡಿ. ಒಬ್ಬರು ಮುಗಿಸಿದ ತಕ್ಷಣ ಬಾಯಿ ಹಾಕಬೇಡಿ, ಎರಡು ಉಸಿರು ಬಿಡಿ. ಒಂದೇ ಮಾತನ್ನು ಎರಡು ಸಲ ಹೇಳಬೇಡಿ. ಕ್ಲರ್ಕ್ ನಡಾವಳಿ ಓದುವಾಗ ಮಾತ್ರ ಕಿವಿ ಚುರುಕಾಗಿರಲಿ. ‘ಸ್ಲೇಟು ರಿಪೇರಿ’ ಅಂತ ಆಗಿದ್ದು ‘ಸೂರು ಬದಲಾವಣೆ’ ಅಂತ ಬರೆದುಕೊಂಡಿದ್ದರೆ ಆಗಲೇ ಕೈ ಎತ್ತಿ. ಒಮ್ಮೆ ಎಲ್ಲರೂ ಹೌದು ಅಂದ ಮೇಲೆ ಆ ಒಂದು ಪದ ತಿದ್ದಿಸಲು ಮುಂದಿನ ತಿಂಗಳವರೆಗೆ ಕಾಯಬೇಕು.